ಒಗೆಯುವ ಕಲ್ಲಿಗೆ ತಿಕ್ಕಿದ ಚಾಕು

ನಮ್ಮ ಮಾವನವರಿಗೆ ಒಂದು ಹೊತ್ತು ಊಟ ತಪ್ಪಿದರೂ ನಡೆದೀತು, ಚಾಕು ತೀಡುವುದು ತಪ್ಪಬಾರದು. ನಂದಿಗುಡಿಯಲ್ಲಿ ಗದ್ದೆ ನೋಡಿಕೊಳ್ಳುತ್ತಿದ್ದ ಕಾಲದಿಂದ ಜೇಬಿನಲ್ಲಿರುವ ಮಡಚುವ ಚಾಕು ಅದು. ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಗೆ ಬಂದ ಮೇಲೂ ಅಷ್ಟೇ. ಬೆಳಿಗ್ಗೆ ಚಹಾ ಆದ ಕೂಡಲೇ ವರಾಂಡದ ಕಿಟಕಿ ಸರಳಿಗೆ ಹಳೆಯ ಚರ್ಮದ ಬೆಲ್ಟು ಸಿಗಿಸಿ, ಬಿಗಿಯಾಗಿ ಎಳೆದು ಹಿಡಿದು, ಅಲಗನ್ನು ಆ ಮಗ್ಗುಲು ಹತ್ತು ಸಲ, ಈ ಮಗ್ಗುಲು ಹತ್ತು ಸಲ ತೀಡುವರು.

“ಸಾಣೆಯವ ಬಂದಾಗ ಕೊಟ್ರಾತು ಮಾವ, ದಿನಾ ಯಾಕ ಇದು?” ಎಂದು ನಾನು ಕೇಳುತ್ತಿದ್ದೆ.

“ಸಾಣೆ ಹಿಡಿದ್ರೆ ಅಲಗು ಸವೀತೈತವ್ವ. ದಿನಾ ತೀಡಿದ್ರೆ ಸಾಣೆ ಹೆಸರೇ ಎತ್ತಾದು ಬ್ಯಾಡ.”

ಅದರಲ್ಲಿ ಅವರು ಹೆಚ್ಚುವುದು ಪೇರಲಹಣ್ಣೊಂದೇ. ತೊಟ್ಟಿನ ಹತ್ತಿರ ಬಿಡಿಯಾಗದಂತೆ ನಾಲ್ಕು ಸೀಳು, ಒಳಗೆ ಉಪ್ಪು, ಖಾರದಪುಡಿ; ಹಣ್ಣು ಮತ್ತೆ ಇಡಿಯಾಗಿಯೇ ನಮ್ಮ ಕೈಗೆ.

ಹೋದ ವರ್ಷ ಅವರ ಕೈ ನಡುಗತೊಡಗಿತು. ಒಂದು ದಿನ ಹೆಬ್ಬೆರಳು ಕೊಯ್ದುಕೊಂಡರು, ಎರಡು ಹೊಲಿಗೆ ಬಿತ್ತು. “ಆ ಚಾಕು ಎಲ್ಲಾರ ಎತ್ತಿಟ್ಟುಬಿಡು” ಎಂದರು ನಮ್ಮ ಮನೆಯವರು. ಕಸಿದುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಮಾವ ಸ್ನಾನಕ್ಕೆ ಹೋದಾಗ ಹಿತ್ತಿಲಿನ ಒಗೆಯುವ ಕಲ್ಲಿಗೆ ಅಲಗಿನ ಬಾಯಿ ಊರಿ ಗರಗರ ತಿಕ್ಕಿ ಮೊಂಡು ಮಾಡಿ, ಒರೆಸಿ, ಮತ್ತೆ ಅವರ ಅಂಗಿ ಜೇಬಿಗೆ ಹಾಕಿದೆ. ಜಾಣತನ ಮಾಡಿದೆ ಅಂದುಕೊಂಡೆ.

ಹಾಗೆ ಮೊಂಡಾದ ಬಾಯಿಗೆ ಬೆಲ್ಟು ಏನು ಮಾಡೀತು? ಹತ್ತು ಸಲ ಇದ್ದದ್ದು ನಲವತ್ತಾಯಿತು. ತೀಡುವರು, ಬೆರಳಿಂದ ಸವರಿ ನೋಡುವರು, ಮತ್ತೆ ತೀಡುವರು. ನಾನು ಅಡುಗೆಮನೆಯಲ್ಲಿ ಆ ಸಪ್ಪಳ ಎಣಿಸುತ್ತ ನಿಲ್ಲುತ್ತಿದ್ದೆ.

ಆಮೇಲೊಂದು ಭಾನುವಾರ ಹರಿಹರದ ನಾದಿನಿಯ ಮನೆಗೆ ಹೋದೆವು. ಬುಟ್ಟಿ ತುಂಬ ಪೇರಲ ತಂದು ಎಲ್ಲರೂ ಮಾವನ ಸುತ್ತ ಕೂತರು. ಚಾಕು ಹಣ್ಣಿನ ಮೇಲೆ ಜಾರಿತು. ಒತ್ತಿದರೆ ಹಣ್ಣು ಪಿಚ್ಚೆಂದಿತು.

“ಅಪ್ಪಾಜಿ, ಹೆಚ್ಚಾಕತ್ತೀರೋ, ರುಬ್ಬಾಕತ್ತೀರೋ?” ಎಂದಳು ನಾದಿನಿ. ಎಲ್ಲರೂ ನಕ್ಕರು. ಮಾವನೂ ನಕ್ಕರು. ಚಾಕು ಮಡಚಿ ಜೇಬಿಗೆ ಹಾಕಿಕೊಂಡು, “ತೀಡೋ ಕೈನೇ ಹೋತವ್ವ, ಚಾಕಿಂದೇನು ತಪ್ಪು” ಎಂದರು.

ನನ್ನ ತಪ್ಪು ಎನ್ನಬೇಕಿತ್ತು. ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಮರುದಿನದಿಂದ ಬೆಲ್ಟು ಕಿಟಕಿಯಲ್ಲಿ ಸುಮ್ಮನೆ ಜೋತಾಡಿತು. ಸೈಕಲ್ ಮೇಲಿನ ಸಾಣೆಯವನು ಬೀದಿಗೆ ಬಂದದ್ದು ಎಂಟು ದಿನ ಬಿಟ್ಟು. ಮಾವ ಮಲಗಿದ್ದಾಗ ಓಡಿಹೋಗಿ ಚಾಕು ಕೊಟ್ಟೆ. ಕಲ್ಲಿನ ಮೇಲೆ ಕಿಡಿ ಹಾರಿದವು. ಅವರು ಇಷ್ಟು ವರ್ಷ ಉಳಿಸಿಕೊಂಡು ಬಂದ ಅಲಗು ನನ್ನ ಕಣ್ಣೆದುರೇ ಸವೆಯಿತು.

ಚಾಕು ಮತ್ತೆ ಜೇಬಿಗೆ ಸೇರಿಸಿ, ಅವರು ಎದ್ದ ಮೇಲೆ, “ಮಾವ, ಇವತ್ತೊಂದು ಸಲ ತೀಡ್ರಿ. ಬೆಲ್ಟಿನ ತುದಿ ನಾನು ಹಿಡ್ಕೊಂತೀನಿ” ಎಂದೆ.

ಒಲ್ಲೆನೆನ್ನುತ್ತಲೇ ತೀಡಿದರು. ಮುಂಗೈ ಕೂದಲ ಮೇಲೆ ಅಲಗು ಆಡಿಸಿ ನೋಡಿ ಮುಖ ಅರಳಿಸಿದರು. “ನೋಡಿದ್ಯಾ? ಬೆಲ್ಟು ಸಡಿಲ ಇತ್ತು, ಅಷ್ಟೇ. ಕೈ ಇನ್ನೂ ಐತೆ!”

ಈಗ ದಿನವೂ ಬೆಲ್ಟು ಹಿಡಿಯುವವಳು ನಾನೇ. ಅವರು ಹೆಚ್ಚುವಾಗ ಹಣ್ಣನ್ನೂ ನಾನೇ ಹಿಡಿಯುತ್ತೇನೆ. ಕೊಯ್ದರೆ ನನ್ನ ಬೆರಳು ಕೊಯ್ಯಲಿ. ಮೊನ್ನೆ ಚಾಕು ನನಗೇ ಕೊಟ್ಟು, “ಬೆನ್ನು ಮುಂದ, ಬಾಯಿ ಹಿಂದ, ಒತ್ತಬ್ಯಾಡ” ಎಂದು ಹೇಳಿಕೊಟ್ಟರು. ನಾಲ್ಕು ಸಲ ಎಳೆದೆ.

“ನಿನ್ನ ಕೈ ಹಗುರ ಐತವ್ವ. ನಿನ್ನ ಕೈಯಾಗ ಈ ಚಾಕು ಮೊಂಡಾಗಂಗಿಲ್ಲ” ಎಂದರು.

ನಾನು ತಲೆ ಎತ್ತದೆ ಮತ್ತೆ ಹತ್ತು ಸಲ ತೀಡಿದೆ.