ಅಕ್ಕನ ವಾಪಸ್ ಫಾರಂ

ಹಿಂದೆ ಸರಿಯುವುದೆಂದರೆ ನನಗೆ ಮೈಯೆಲ್ಲ ಉರಿ. ಗುಡಿಯಲ್ಲಿ ಮಾತ್ರ, ಶಿವನಿಗೆ ಬೆನ್ನು ತೋರಿಸಬಾರದೆಂದು, ನಾಲ್ಕು ಹೆಜ್ಜೆ ಹಿಮ್ಮೆಟ್ಟಿ ಬರುತ್ತೇನೆ. ಟಗರು ಹಿಂದೆ ಹೋಗುವುದೂ ಗುದ್ದುವುದಕ್ಕೇ ಅನ್ನುವವಳು ನಾನು.

ಪಂಚಾಯ್ತಿ ಎಲೆಕ್ಷನ್ ಬಂತು. ನಮ್ಮ ವಾರ್ಡು ಹೆಂಗಸರಿಗೆ. ನಾನು ಅರ್ಜಿ ಹಾಕಿ ಬಂದರೆ, ಪಕ್ಕದ ಮನೆಯ ವಾರಗಿತ್ತಿಯೂ ಹಾಕಿದ್ದಾಳೆ! ನನ್ನ ಗಂಡನ ಅಣ್ಣನ ಹೆಂಡತಿ, ನನಗೆ ಅಕ್ಕ. ನನ್ನ ಎರಡೂ ಬಾಣಂತನ ಮಾಡಿದವಳು ಅವಳೇ. ಅವತ್ತಿನಿಂದ ನಡುಗೋಡೆ ದಾಟಿ ಬರುತ್ತಿದ್ದ ಸಾರಿನ ಬಟ್ಟಲು ನಿಂತಿತು. ಅವಳಿಗಷ್ಟಿದ್ದರೆ ನನಗೆಷ್ಟಿರಬೇಡ? ನಾನೂ ಕಳಿಸಲಿಲ್ಲ.

ಮೂರು ದಿನ ಹಟ ಮಾಡಿದೆ. ನಾಲ್ಕನೇ ದಿನ ಅವರೆಕಾಳಿನ ಉಪ್ಸಾರು ಮಾಡಿ, ಅಭ್ಯಾಸದ ಮೇಲೆ ಅವಳಿಗೂ ಬಡಿಸಿಟ್ಟೆ. ಕೊಡಲು ಹೋಗುವ ಧೈರ್ಯ ಬರಲಿಲ್ಲ. ಒಲೆ ಮುಂದೆ ಕೂತು ಅತ್ತುಬಿಟ್ಟೆ. ಅರ್ಜಿ ವಾಪಸ್ ತೆಗೆಯಲು ಅದೇ ಕೊನೆಯ ದಿನ. ಯಾರಿಗೂ ಹೇಳದೆ ತಾಳವಾಡಿ ಬಸ್ಸು ಹತ್ತಿದೆ.

ಆಫೀಸಿನ ಬೆಂಚಿನ ಮೇಲೆ ಅಕ್ಕ ಕೂತಿದ್ದಳು. ಕೈಯಲ್ಲಿ ಅರ್ಜಿ ವಾಪಸ್ ತೆಗೆಯುವ ಫಾರಂ. ನಮ್ಮ ಸೀಮೆ ತಮಿಳುನಾಡಿಗೆ ಸೇರಿದ್ದು, ಫಾರಂ ತಮಿಳಿನಲ್ಲೇ. ಅವಳಿಗೆ ತಮಿಳು ಮಾತು ಬರುತ್ತದೆ, ಓದು ಬರುವುದಿಲ್ಲ. ತುಂಬಿಕೊಡುವವರಿಗಾಗಿ ಕಾಯುತ್ತಿದ್ದಳು.

"ಇದ್ಯಾಕಕ್ಕ?"

"ನಿನ್ನ ಮಾತಾಡಿಸ್ದೆ ಅನ್ನ ಸೇರಲ್ಲ ಕಣಮ್ಮಿ. ಆಳಾಗೋಗ್ಲಿ ವಾರ್ಡು."

"ನಾನೂ ಅದುಕ್ಕೇ ಬಂದಿವ್ನಿ. ನೀನೇ ನಿಂತ್ಕೊ."

"ಕೆಳಗಿನ ಬೀದಿಯೋಳೂ ಅರ್ಜಿ ಆಕವ್ಳೆ, ಇಬ್ರೂ ಬುಟ್ರೆ ಅವ್ಳೇ ಗೆದ್ದೋಯ್ತಾಳೆ. ನಿಂಗೆ ಓದು ಬತ್ತದೆ, ಆಫೀಸರ ಮುಂದೆ ಬಾಯಿ ಅದೆ. ಸುಮ್ಕೆ ಇದ ತುಂಬ್ಕೊಡು."

ಎಷ್ಟು ಹೇಳಿದರೂ ಕೇಳಲಿಲ್ಲ. ಪೆನ್ನು ಹಿಡಿದೆ. ಹೆಸರಿನ ಜಾಗಕ್ಕೆ ಬಂದಾಗ ಕೈ ನಿಂತಿತು. ನನ್ನ ಹೆಸರೇ ಬರೆದುಬಿಟ್ಟರೆ? ತಮಿಳಿನಲ್ಲಿ ಬರೆದಿದ್ದು ಇವಳಿಗೇನು ಗೊತ್ತಾಗುತ್ತದೆ? ಹಾಗೇ ಮಾಡಿದೆ. ತುಂಬಿ ಮುಗಿಸಿ, "ಆಯ್ತು, ನೀ ಒಳಕ್ಕೆ ಓಗ್ಬ್ಯಾಡ, ನಾನೇ ಕೊಟ್ಬತ್ತೀನಿ" ಅಂದೆ.

ಅವಳು ಕಾಗದ ಇಸ್ಕೊಂಡು, ಹೆಸರಿನ ಮೇಲೆ ಬೆರಳಿಟ್ಟು ನೋಡಿದಳು.

"ಇದು ನಿನ್ನೆಸ್ರು."

"ನಿಂಗೆಂಗಕ್ಕ ಗೊತ್ತಾಯ್ತು?"

"ಎಲ್ಡು ಎರ್ಗೇಲೂ ಆಸ್ಪತ್ರೇಲಿ ನಿನ್ನ ಮಂಚದ ಮ್ಯಾಲೆ ಇದ್ನೇ ಬರ್ದಿದ್ರಲ್ಲ. ರಾತ್ರಿಯೆಲ್ಲ ನಿದ್ದೆ ಬರ್ದೆ ಅದ್ನೇ ನೋಡ್ತಾ ಕೂತಿದ್ದೆ. ಬೇರೆ ಫಾರಂ ಇಸ್ಕೊಂಬಾ, ಓಗು."

ಹೋಗಿ ಇಸ್ಕೊಂಡು ಬಂದೆ. ಅವಳ ಹೆಸರೇ ಬರೆದೆ.