ಅವಳ ಮುಖ ನೋಡದ ಇಪ್ಪತ್ತು ದಿನ

ನನ್ನ ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ನಾನೊಬ್ಬನೇ. ಮಾಡಿಟ್ಟ ಅನ್ನ ಎರಡು ಹೊತ್ತಿಗೂ ಉಳಿಯುತ್ತದೆ. ಬೇರೆಲ್ಲ ಮರೆತೇನು, ಅವಳ ಮುಖ ನೋಡದೆ ಕಳೆದ ಆ ಇಪ್ಪತ್ತು ದಿನಗಳನ್ನು ಮರೆಯಲಾಗುತ್ತಿಲ್ಲ.

ಅವಳ ಎಡಗಣ್ಣು ಕೆಂಪಾದಾಗ ‘ಕಣ್ಣು ಬಂದಾವ’, ಅಂಟುವ ಕೆಂಗಣ್ಣು, ಅಂದುಕೊಂಡೆವು. ನಮ್ಮ ಸುರಪುರದ ಕಡೆ ಕಣ್ಣು ಬಂದವರ ಮುಖ ನೋಡುವುದಿಲ್ಲ. ನೋಡಿದವರಿಗೂ ಬರುತ್ತವೆ ಎಂಬ ನಂಬಿಕೆ. ಅವಳು ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಮಕ್ಕಳಿಗೆ ಹತ್ತೀತೆಂದು ರಜೆ ಹಾಕಿ, ಕಪ್ಪು ಕನ್ನಡಕ ಹಾಕಿಕೊಂಡು ಒಳಗೆ ಕೂತಳು.

"ನನ್ನ ಕಡೆ ನೋಡಬ್ಯಾಡ್ರಿ. ನೋಡಿ, ಆಫೀಸಿನ್ಯಾಗ ಎಲ್ಲಾರಿಗೂ ಹಂಚಿ ಬರ್ತೀರಿ," ಅಂದಳು.

ನಾನು ನೋಡಲಿಲ್ಲ. ತಲೆ ತಗ್ಗಿಸಿ ತಟ್ಟೆ ಇಸಿದುಕೊಳ್ಳುತ್ತಿದ್ದೆ, ಗೋಡೆಯ ಕಡೆ ತಿರುಗಿ ಮಾತಾಡುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ಕಟ್ಟೆಯ ಮೇಲಿಂದ ಕೆಣಕಿದಳು: "ಏನಪಾ, ಜಗಳಾಡೀರೇನು? ಗ್ವಾಡಿಗೆ ಸಂಸಾರದ ಮಾತು ಹೇಳಾಕತ್ತಿ."

ಬಂದ ಕಣ್ಣು ವಾರದಲ್ಲಿ ಹೋಗಬೇಕಿತ್ತು. ಇದು ಹೋಗಲಿಲ್ಲ. ಬೆಳಕು ಚುಚ್ಚುತ್ತದೆ ಎಂದು ಕಿಟಕಿ ಮುಚ್ಚಿಸಿದಳು. ಕೊನೆಗೆ ಇಪ್ಪತ್ತನೆಯ ದಿನ ಶಹಾಪುರದಲ್ಲಿ ಒಬ್ಬ ಕಣ್ಣಿನ ಡಾಕ್ಟರರಿಗೆ ತೋರಿಸಿದೆವು.

"ಇದು ಕಣ್ಣು ಬಂದಿದ್ದಲ್ರಿ," ಅಂದರು ಅವರು. "ಬಂದಿದ್ರ ಪಿಸುರು ಕಟ್ಟಿ ರೆಪ್ಪಿ ಅಂಟತಿದ್ವು. ಇದು ಕಣ್ಣಿನ ಒಳಗಿನ ಬಾವು, ಯಾರಿಗೂ ಹತ್ತಂಗಿಲ್ಲ. ಮೈಮ್ಯಾಲ ಎಲ್ಲೆರ ಗಂಟು ಎದ್ದಾವೇನು?"

ಅವಳು ಇಲ್ಲ ಅನ್ನುವಷ್ಟರಲ್ಲಿ ನಾನೇ ಹೇಳಿದೆ: "ಮೊಣಕಾಲ ಕೆಳಗ ಎದ್ದಾವ್ರಿ. ಎರಡೂ ಕಾಲಿಗೆ, ಕೆಂಪಗ."

ಮಂಚ ಬಡಿದದ್ದೆಂದು ಅವಳು ಅವನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ನನ್ನ ಕಡೆ ತಿರುಗಿದಳು, ಆಮೇಲೆ ಡಾಕ್ಟರರಿಗೆ ಹೇಳಿದಳು: "ಮುಖ ಒಂದು ಬಿಟ್ಟು ಎಲ್ಲಾ ನೋಡ್ಯಾರ್ರಿ."

ಅವರು ನಕ್ಕರು. ನನಗೆ ನಾಚಿಕೆಯಾಯಿತು.

ಕಲಬುರಗಿಯಲ್ಲಿ ಗಂಟಿನ ಚೂರು ತೆಗೆದು ಪರೀಕ್ಷೆ ಮಾಡಿದರು. ಸಾರ್ಕಾಯ್ಡೋಸಿಸ್ ಎಂಬ ಹೆಸರು ಮೊದಲ ಸಲ ಕೇಳಿದೆ. ಹೆಚ್ಚಾಗಿ ಶ್ವಾಸಕೋಶದಲ್ಲಿ ಕಾಣುವ ರೋಗವಂತೆ. ಅವಳಿಗೆ ಕೆಮ್ಮೂ ಇರಲಿಲ್ಲ, ಎದೆಯ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಕೆಲವರಿಗೆ ಹೃದಯಕ್ಕೂ ಹೋಗುತ್ತದೆ, ತಲೆ ಸುತ್ತಿದರೆ ತಡಮಾಡದೆ ಬನ್ನಿ ಎಂದು ಹೇಳಿ ಕಳಿಸಿದರು.

ಅವಳ ಕಣ್ಣಿಗೆ ದಿನಕ್ಕೆ ನಾಲ್ಕು ಸಲ ಹನಿ ಹಾಕುವುದು ನನ್ನ ಕೆಲಸವಾಯಿತು. ಗದ್ದ ಹಿಡಿದು ಮುಖ ಎತ್ತಿ, ಕೆಂಪು ಎಷ್ಟು ಇಳಿಯಿತೆಂದು ನೋಡುತ್ತಿದ್ದೆ. ಕಣ್ಣು ಬೆಳ್ಳಗಾಯಿತು, ಆದರೂ ಹನಿ ನಿಲ್ಲಿಸಬಾರದೆಂದಿದ್ದರು. ಅವಳು ಮತ್ತೆ ಶಾಲೆಗೆ ಹೋಗತೊಡಗಿದಳು. ಶ್ರಾವಣದ ಸೋಮವಾರ ಒಂದೇ ಹೊತ್ತು ಉಣ್ಣುವ ವ್ರತ ಅವಳದು. ಅಂಥದೊಂದು ಸೋಮವಾರ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಯಾಕ?" ಅಂದೆ.

"ಒಪ್ಪತ್ತು ಐತಲ್ರಿ, ತಲಿ ಸುತ್ತತೈತಿ."

ಡಾಕ್ಟರರ ಮಾತು ನೆನಪಿಗೆ ಬರಲಿಲ್ಲ. ಉಪವಾಸದ ತಲೆಸುತ್ತು ನಮ್ಮಲ್ಲಿ ಯಾವ ಹೆಂಗಸಿಗಿಲ್ಲ?

ಬುಧವಾರ ಶಾಲೆಯ ಅಡುಗೆಕೋಣೆಯಲ್ಲಿ ಕುಸಿದಳು. ನಾನು ಆಸ್ಪತ್ರೆಗೆ ಓಡಿಹೋಗುವಷ್ಟರಲ್ಲಿ ಉಸಿರು ನಿಂತಿತ್ತು. ಅವಳ ಜೊತೆ ಅಡುಗೆ ಮಾಡುವಾಕೆ ಹೊರಗೆ ಬೆಂಚಿನ ಮೇಲೆ ಕೂತಿದ್ದಳು.

"ಅಣ್ಣಾ, ನಾಕು ದಿನದಿಂದ ಮುಖ ಬಿಳಚಿಕೊಂಡಿತ್ತು," ಅಂದಳು. "ನೀವು ನೋಡಲಿಲ್ಲೇನು?"

ದಿನಕ್ಕೆ ನಾಲ್ಕು ಸಲ ನೋಡಿದ್ದೆ. ಬರೀ ಕಣ್ಣನ್ನು.