ಹೊಕ್ಕಳ ಕೆಳಗಿನ ಕಿಸೆ

ಪಿಸ್ತೂಲು ಕೊಳ್ಳಲಿಕ್ಕೆ ವರ್ನಿಯರ್ ಕ್ಯಾಲಿಪರ್ ಹಿಡಕೊಂಡು ಹೋದ ಗಂಡಸು ಇಡೀ ಸ್ಯಾನ್ ಡಿಯಾಗೋದಲ್ಲಿ ಮಹಾಂತಪ್ಪನೊಬ್ಬನೇ ಇರಬೇಕು. ಹೆಂಡತಿ ಸಾವಿತ್ರವ್ವನಿಗಂತೂ ನಾಚಿಕೆಯಿಂದ ಜೀವ ಹಿಡಿಯಷ್ಟಾಯಿತು. ಅಂಗಡಿಯ ಬೋಳುತಲೆಯ ಮುದುಕ ಗಾಜಿನ ಪೆಟ್ಟಿಗೆಯ ಮೇಲೆ ಮೂರು ಪಿಸ್ತೂಲು ಸಾಲಾಗಿ ಇಟ್ಟಿದ್ದ. ಈ ಪುಣ್ಯಾತ್ಮ ಕನ್ನಡಕ ಹಣೆಗೇರಿಸಿ, ಒಂದೊಂದರ ದಪ್ಪ ಅಳೆದು, ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತ ನಿಂತುಬಿಟ್ಟ.

"ರೀ, ಬದನೀಕಾಯಿ ಆರಸಾಕ ಬಂದೀರೇನು? ಒಂದು ತಗೊಂಡು ನಡೀರಿ," ಎಂದು ಆಕೆ ಗದರಿದಳು.

"ಸುಮ್ಮನಿರು. ಬದನೀಕಾಯಿ ಹುಳುಕಿದ್ರ ಒಗೀಬಹುದು. ಇದು ಕೈ ಕೊಟ್ರ ನಾನಾ ಇರೂದಿಲ್ಲ," ಎಂದ ಮಹಾಂತಪ್ಪ, ತಲೆ ಎತ್ತದೆ.

ಅವನ ಮಾತೂ ಸುಳ್ಳಲ್ಲ. ಗುಳೇದಗುಡ್ಡದ ಹುಡುಗ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿ ಅರವತ್ತೊಂಬತ್ತರಲ್ಲಿ ಇಲ್ಲಿಗೆ ಬಂದವನು. ಇಪ್ಪತ್ತೆರಡು ವರ್ಷ ವಿಮಾನದ ಬಿಡಿಭಾಗದ ಫ್ಯಾಕ್ಟರಿಯೊಂದರಲ್ಲಿ ಅಚ್ಚು ಮಾಡಿದ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಅವನಿಗೆ ಊಟ ಸೇರುತ್ತಿರಲಿಲ್ಲ. ತೊಂಬತ್ತೆರಡರಲ್ಲಿ ಆ ಫ್ಯಾಕ್ಟರಿ ಬಾಗಿಲು ಹಾಕಿತು. ರಷ್ಯಾದೊಂದಿಗಿನ ಜಗಳ ಮುಗಿಯಿತಂತೆ, ಯುದ್ಧವಿಮಾನ ಇನ್ನು ಅಷ್ಟು ಬೇಡವಂತೆ. "ಅವರ ಜಗಳ ಮುಗದ್ರ ನಮ್ಮ ಹೊಟ್ಟೀಗೆ ಯಾಕ ಹೊಡೀಬೇಕು?" ಎಂದು ಸಾವಿತ್ರವ್ವ ಕಂಡಕಂಡವರನ್ನು ಕೇಳಿದಳು. ಮಹಾಂತಪ್ಪ ಕಾರ್ಲ್ಸ್‌ಬಾಡ್‌ವರೆಗೆ ಇದ್ದಬದ್ದ ಕಂಪನಿಗೆಲ್ಲ ಅಪ್ಲೈ ಮಾಡಿದ. ಐವತ್ಮೂರು ವರ್ಷದವನನ್ನು ಯಾರೂ ಒಳಗೆ ಕರೆದು ಕೂರಿಸಲಿಲ್ಲ.

ಕೈ ಹಿಡಿದವನು ಯೋಗೀಶ. ಉಡುಪಿ ಕಡೆಯ ಅಕ್ಕಸಾಲಿ, ಲಾಸ್ ಏಂಜಲೀಸ್ ಪಕ್ಕದ ಆರ್ಟೀಸಿಯಾದಲ್ಲಿ ಅವನ ಚಿನ್ನದಂಗಡಿ. ಸ್ಯಾನ್ ಡಿಯಾಗೋದ ನಮ್ಮ ಜನರ ಮನೆಗಳಿಂದ ಹಳೆಯ ಒಡವೆ ಒಯ್ಯಬೇಕು, ಹೊಸದಾಗಿ ಮಾಡಿದ್ದನ್ನು ತಂದು ಮುಟ್ಟಿಸಬೇಕು. ಪ್ರತಿ ಶನಿವಾರ ಮುಂಜಾನೆ ಮೀರಾ ಮೆಸಾದ ಮನೆ ಬಿಟ್ಟರೆ ಸಂಜೆಗೆ ವಾಪಸು. ಯಾರದೋ ತಾಳಿ, ಯಾರದೋ ಮಗಳ ಬಳೆ, ಎಲ್ಲ ಸಾವಿತ್ರವ್ವನ ಟಿಫಿನ್ ಕ್ಯಾರಿಯರ್‌ನ ತಳದ ಡಬ್ಬಿಯಲ್ಲಿ, ಮೇಲೆ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಮಹಾಂತಪ್ಪ ಅಂಕಲ್ ಕೈಗೆ ಕೊಟ್ಟರೆ ಮನೆಯ ಕಪಾಟಿನಲ್ಲಿ ಇಟ್ಟಂತೆ ಎಂದು ಹೆಂಗಸರು ಹೇಳುತ್ತಿದ್ದರು.

ಹೀಗಿರುವಾಗ ತೊಂಬತ್ಮೂರರ ಬೇಸಿಗೆಯಲ್ಲಿ ಗಿರೀಶ ಸತ್ತ. ಅವನೂ ಇದೇ ಕೆಲಸದವನು, ಬೇರೆ ಅಂಗಡಿಗೆ. ಯಾರೋ ಅಂಗಡಿಯಿಂದಲೇ ಅವನ ಕಾರಿನ ಬೆನ್ನು ಹತ್ತಿ, ಅವನ ಗರಾಜಿನಲ್ಲೇ ಗುಂಡು ಹೊಡೆದು ಚೀಲ ಒಯ್ದರು. ಮಹಾಂತಪ್ಪ ಮಣ್ಣಿಗೆ ಹೋಗಿ ಬಂದ. ಮೂರನೆಯ ದಿನ ಶೆರಿಫ್ ಆಫೀಸಿಗೆ ಹೋಗಿ, ಪಿಸ್ತೂಲನ್ನು ಬಟ್ಟೆಯ ಮರೆಯಲ್ಲಿಟ್ಟುಕೊಂಡು ಓಡಾಡುವ ಪರ್ಮಿಟ್ಟಿನ ಅರ್ಜಿ ತಂದ. ಇವನು ಚಿನ್ನ ಸಾಗಿಸುವವನೆಂದು ಯೋಗೀಶ ಕಾಗದ ಬರೆದುಕೊಟ್ಟ. ಬೆರಳಚ್ಚು, ಇಂಟರ್‌ವ್ಯೂ, ಕ್ಲಾಸು ಎಲ್ಲ ಆಗಬೇಕಿತ್ತು. ಪರ್ಮಿಟ್ಟಿನ ಮೇಲೆ ಪಿಸ್ತೂಲಿನ ನಂಬರನ್ನೂ ಬರೆಯುತ್ತಾರೆ. ಹಾಗಾಗಿ ಆರಿಸುವುದು ಒಂದೇ ಸಲ.

ಗಾಜಿನ ಪೆಟ್ಟಿಗೆಯ ಮೇಲಿದ್ದ ಮೂರರಲ್ಲಿ ಅತಿ ಸಣ್ಣದು ಬೆಂಕಿಪೆಟ್ಟಿಗೆಗಿಂತ ಒಂದಿಷ್ಟು ದೊಡ್ಡದು. ಅದರ ಗುಂಡು ನೋಡಿ ಸಾವಿತ್ರವ್ವ, "ಹಲ್ಲಿ ಹೊಡೀಬಹುದು ನೋಡ್ರಿ," ಎಂದಳು. ಎರಡನೆಯದು ಚಪ್ಪಟೆ, ಅಂಗಿಯ ಕೆಳಗೆ ಗೊತ್ತೇ ಆಗುವುದಿಲ್ಲ, ಗುಂಡೂ ಹೆಚ್ಚು ಹಿಡಿಸುತ್ತವೆ. ಆದರೆ ಅದರ ಮೇಲಿನ ಭಾಗವನ್ನು ಇನ್ನೊಂದು ಕೈಯಿಂದ ಜಗ್ಗಿ ಬಿಡಬೇಕು. ಮಹಾಂತಪ್ಪನ ಎಡಗೈ ಹೆಬ್ಬೆರಳು ಹಿಂದೊಮ್ಮೆ ಮಷೀನಿಗೆ ಸಿಕ್ಕು ಜಜ್ಜಿಹೋಗಿತ್ತು. ನಾಲ್ಕು ಸಲ ಜಗ್ಗಿದ, ಎರಡು ಸಲ ಜಾರಿತು. ಮೂರನೆಯದು ಐದೇ ಗುಂಡಿನ ಗಿಡ್ಡ ರಿವಾಲ್ವರ್, ನಡುವೆ ಹೊಟ್ಟೆ ಬಂದಂತೆ ದಪ್ಪ. ಗುಂಡಿಗೆ ಬಡಿಯುವ ಹಿಂದಿನ ಸುತ್ತಿಗೆ ಒಳಗೇ ಅಡಗಿದ್ದರಿಂದ ಬಟ್ಟೆಗೆ ಸಿಕ್ಕಿಕೊಳ್ಳುವುದಿಲ್ಲ. "ಹೆದರಿಕೆಯಾದಾಗ ಬೆರಳು ಮರಗಟ್ಟುತ್ತವೆ. ಇದಕ್ಕೆ ಕುದುರೆ ಎಳೆಯುವುದು ಬಿಟ್ಟು ಬೇರೇನೂ ಬೇಡ," ಎಂದ ಮುದುಕ.

ಇನ್ನು ಇಟ್ಟುಕೊಳ್ಳುವುದೆಲ್ಲಿ? ಮುದುಕ ಹೆಗಲಿಗೆ ಹಾಕುವ ಚರ್ಮದ ಪಟ್ಟಿ ತಂದ. ಪಿಸ್ತೂಲು ಎಡ ಕಂಕುಳ ಕೆಳಗೆ ತೂಗುತ್ತದೆ. ಪಟ್ಟಿ ಬಿಗಿಯುವಾಗ ಅವನ ಕೈಗೆ ಮಹಾಂತಪ್ಪನ ಎದೆಯ ಮೇಲೆ ಗಟ್ಟಿಯಾಗಿ ಏನೋ ತಾಗಿತು. ಮುದುಕ ಎರಡು ಹೆಜ್ಜೆ ಹಿಂದೆ ಸರಿದ.

"ಒಂದು ಈಗಾಗಲೇ ಇದೆಯಲ್ಲ ನಿನ್ನ ಹತ್ತಿರ?"

ಮಹಾಂತಪ್ಪ ನಕ್ಕು ಗುಂಡಿ ಬಿಚ್ಚಿ ಬೆಳ್ಳಿಯ ಕರಡಿಗೆ ತೋರಿಸಿದ. ಒಳಗಿನ ಲಿಂಗದ ಬಗ್ಗೆ ಆ ಮುದುಕನಿಗೆ ಏನಂತ ಹೇಳುವುದು! "ದೇವರು," ಎಂದ.

ಸಾವಿತ್ರವ್ವನಿಗೆ ಮಾತ್ರ ಮೈ ಉರಿದುಹೋಯಿತು. "ಆ ಪಟ್ಟಿ ಮೊದಲು ತಗೀರಿ! ಲಿಂಗದ ಮಗ್ಗಲಿಗೆ ಅದನ್ನ ತೂಗಬಿಟ್ಕೋತೀರಾ? ಬುದ್ಧಿ ಏನರ ನೆಟ್ಟಗೈತಿಲ್ಲ ನಿಮಗ?"

ಆ ಲಿಂಗವನ್ನು ಅವನು ತೊಟ್ಟಿಲ ಕೂಸಾಗಿದ್ದಾಗಲೇ ಕಟ್ಟಿದ್ದು. ಅಮೆರಿಕಕ್ಕೆ ಹೊರಡುವ ದಿನ ಅವನ ತಾಯಿ ಗುರುಶಾಂತವ್ವ ಹೊಸ ಶಿವದಾರ ಪೋಣಿಸಿ, "ಜೀವ ಹೋದ್ರೂ ಇದು ಹೋಗಬಾರದಪಾ," ಎಂದಿದ್ದಳು. ಆ ಮಾತು ಸಾವಿತ್ರವ್ವ ಕಿವಿಯಾರೆ ಕೇಳಿದ್ದಳು. ಅಂದಿನಿಂದ ಮಹಾಂತಪ್ಪ ಲಿಂಗಪೂಜೆಯಾಗದೆ ಗುಟುಕು ನೀರು ಕುಡಿದವನಲ್ಲ. ಹೆದರಿಕೆಯಾದರೆ ಅವನ ಬಲಗೈ ತಾನಾಗಿ ಎದೆಗೆ ಹೋಗಿ ಕರಡಿಗೆ ಹಿಡಿಯುತ್ತಿತ್ತು. ವಿಮಾನ ಏರುವಾಗ, ಹಲ್ಲು ಕೀಳಿಸುವಾಗ, ಕೆಲಸ ಹೋದ ಕಾಗದ ಒಡೆಯುವಾಗ, ಎಲ್ಲ ಹೊತ್ತಿನಲ್ಲೂ.

"ಲಿಂಗ ಹೊಕ್ಕಳದ ಕೆಳಗ ಇಳೀಬಾರದು ಅಂತ ಹಿರೇರು ಹೇಳ್ಯಾರ," ಎಂದು ಸಾವಿತ್ರವ್ವ ಅಂಗಡಿಯಲ್ಲೇ ತೀರ್ಪು ಕೊಟ್ಟಳು. "ಆ ಹೊಲಸು ಹೊಕ್ಕಳದ ಮ್ಯಾಲೆ ಏರಬಾರದು. ನಡುವಿನ ಬೆಲ್ಟೂ ಬ್ಯಾಡ. ಪ್ಯಾಂಟಿನ ಕಿಸೇದಾಗ ಬಿದ್ದಿರಲಿ."

ಅಲ್ಲಿಗೆ ನೋಟ್‌ಬುಕ್ಕಿನ ಲೆಕ್ಕವೆಲ್ಲ ಮಡಚಿಹೋಯಿತು. ಹಲ್ಲಿ ಹೊಡೆಯುವ ಸಣ್ಣದನ್ನು ಬಿಟ್ಟರೆ, ಕಿಸೆಯಿಂದ ಒಂದೇ ಕೈಯಲ್ಲಿ ತೆಗೆದು ಹೊಡೆಯಲಾಗುವುದು ಆ ಗಿಡ್ಡ ರಿವಾಲ್ವರ್ ಒಂದೇ. ಅಲ್ಲಿಯ ಕಾನೂನಿನಂತೆ ಹದಿನೈದು ದಿನ ಕಾದಮೇಲೆ ಅದು ಮನೆಗೆ ಬಂತು. ಸಾವಿತ್ರವ್ವ ಅದನ್ನು ಪೇಪರಿನ ಮೇಲಿಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆದು, ಹಳೆಯ ಜೀನ್ಸ್ ಕತ್ತರಿಸಿ, ಅವನ ಬೂದು ಪ್ಯಾಂಟಿನ ಬಲಗಿಸೆಯನ್ನು ಎರಡೆರಡು ಹೊಲಿಗೆ ಹಾಕಿ ಹೊಸದಾಗಿ ಮಾಡಿಕೊಟ್ಟಳು. ಬೈಯುತ್ತಲೇ ಹೊಲಿದಳು. ಆದರೆ ಹೊಲಿಗೆ ಮಾತ್ರ ಚೊಕ್ಕವಾಗಿತ್ತು.

ಕ್ಲಾಸಿನಿಂದ ಬಂದ ದಿನ ಮಹಾಂತಪ್ಪ ಊಟಕ್ಕೆ ಕೂತು ಹೇಳಿದ: "ಓಡಿಹೋಗಾವಗ ಹೊಡೀಬಾರದಂತ. ಅಂವ ಒಯ್ಯೂದು ನಿನ್ನ ಸಾಮಾನು, ನಿನ್ನ ಜೀವಲ್ಲ ಅಂತ ಹೇಳಿದ್ರು."

"ಖರೇ ಹೇಳ್ಯಾರ. ಬಂಗಾರ ಹೋದ್ರ ಮಾಡಿಸಿಕೊಡೋಣು, ದುಡಿದು ತೀರಸೋಣು," ಎಂದು ಆಕೆ ಇನ್ನೊಂದು ರೊಟ್ಟಿ ಹಾಕಿದಳು.

ಒಂದೂವರೆ ವರ್ಷ ಏನೂ ಆಗಲಿಲ್ಲ. ತೊಂಬತ್ತೈದರ ಫೆಬ್ರವರಿಯ ಒಂದು ಶನಿವಾರ ಆರ್ಟೀಸಿಯಾದಲ್ಲಿ ಜೋಳದ ಹಿಟ್ಟು ಬಂದಿದೆಯೆಂದು ಸಾವಿತ್ರವ್ವನೂ ಜೊತೆಗೆ ಹೋಗಿದ್ದಳು. ವಾಪಸು ಬರುವಾಗ, ಸಂಜೆ ನಾಲ್ಕರ ಸುಮಾರಿಗೆ, ಫ್ರೀವೇ ಬಿಟ್ಟು ಒಂದು ಪೆಟ್ರೋಲ್ ಬಂಕಿಗೆ ಕಾರು ತಿರುಗಿಸಿದರು. ಹಾಡುಹಗಲು, ಕಣ್ಣಿಗೆ ಹೊಡೆಯುವ ಬಿಸಿಲು. ಮಹಾಂತಪ್ಪ ಇಳಿದು ಪೈಪು ಹಚ್ಚಿದ. ಸಾವಿತ್ರವ್ವ ಟಿಫಿನ್ ಕ್ಯಾರಿಯರ್ ತೊಡೆಯ ಮೇಲಿಟ್ಟುಕೊಂಡು, ಕಿಟಕಿ ಇಳಿಸಿ ಕೂತಿದ್ದಳು. ಹಿಂದೆಯೇ ಬಂದು ನಿಂತ ಕಾರಿನಿಂದ ನಲವತ್ತರ ಆಸುಪಾಸಿನ ಬಡಕಲು ಮನುಷ್ಯನೊಬ್ಬ ಇಳಿದ. ಬೂದು ಸ್ವೆಟರ್, ಎಡಗೈಯಲ್ಲಿ ಪಿಸ್ತೂಲು.

"ಚಿನ್ನ ಎಲ್ಲಿ?" ಎಂದ.

ಮಹಾಂತಪ್ಪನ ಬಲಗೈ ಮೇಲೆದ್ದಿತು. ಕಿಸೆಗಲ್ಲ, ಎದೆಗೆ. ಹುಟ್ಟಿದಾಗಿನಿಂದ ಹೋದ ದಾರಿಯಲ್ಲೇ ಹೋಗಿ ಕರಡಿಗೆ ಹಿಡಿಯಿತು. ಕಳ್ಳ ಅದನ್ನು ನೋಡಿದ. ಚಿನ್ನ ಅಲ್ಲೇ ಇದೆಯೆಂದುಕೊಂಡನೋ ಏನೋ, ಕೊರಳಪಟ್ಟಿಗೆ ಕೈ ಹಾಕಿ ಜಗ್ಗಿದ. ಅಂಗಿಯ ಗುಂಡಿಗಳು ಸಿಡಿದವು. ಶಿವದಾರ ಹರಿಯಿತು. ಕರಡಿಗೆ ಮುಷ್ಟಿಯಲ್ಲಿ ಹಿಡಿದು ಅವನು ತನ್ನ ಕಾರಿನ ಕಡೆಗೆ ಓಡಿದ.

ಬಂಗಾರವೆಲ್ಲ ಸಾವಿತ್ರವ್ವನ ತೊಡೆಯ ಮೇಲೇ ಇತ್ತು. ಗಂಡನ ಮೈಮೇಲೆ ಒಂದು ಗೀರೂ ಆಗಿರಲಿಲ್ಲ. ಅವಳು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು.

"ರೀ, ಲಿಂಗಾ! ಲಿಂಗಾ ಒಯ್ದ್ನಲ್ರೀ!" ಎಂದು ಸಾವಿತ್ರವ್ವ ಚೀರಿದಳು.

ಮಹಾಂತಪ್ಪ ಆಕೆಯ ಕಡೆ ಒಮ್ಮೆ ನೋಡಿದ. ಆಮೇಲೆ ಕೈ ಕೆಳಗಿಳಿದು ಕಿಸೆಗೆ ಹೋಯಿತು. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಎರಡು ಸಲ ಸದ್ದಾಯಿತು. ಓಡುತ್ತಿದ್ದವನು ಟೈರಿಗೆ ಗಾಳಿ ತುಂಬುವ ಮಷೀನಿನ ಹತ್ತಿರ ಮುಗ್ಗರಿಸಿ ಬಿದ್ದ. ಗುಂಡು ಬೆನ್ನಿಗೆ ತಾಗಿತ್ತು.

ಮಹಾಂತಪ್ಪ ರಿವಾಲ್ವರನ್ನು ನೆಲದ ಮೇಲಿಟ್ಟು, ನಡೆದುಹೋಗಿ ಅವನ ಪಕ್ಕ ಮೊಣಕಾಲೂರಿದ. ಬಿದ್ದವನಿಗೆ ಕುಡಿಸಲು ನೀರು ಕೇಳುತ್ತಾನೇನೋ, ಅವನ ತಲೆ ಎತ್ತಿ ಹಿಡಿಯುತ್ತಾನೇನೋ ಎಂದುಕೊಂಡಳು ಸಾವಿತ್ರವ್ವ. ಅವನು ಆ ಮನುಷ್ಯನ ಮುಷ್ಟಿ ಬಿಡಿಸತೊಡಗಿದ. ಅಯ್ಯೋ ಶಿವನೇ, ಬಿದ್ದವನು ಇನ್ನೂ ಉಸಿರಾಡುತ್ತಿದ್ದ. ಕಣ್ಣು ಬಿಟ್ಟು ಮಹಾಂತಪ್ಪನ ಮುಖವನ್ನೇ ನೋಡುತ್ತಿದ್ದ. ತಾನು ಹಿಡಿದದ್ದೇನೆಂದು ಗೊತ್ತಿಲ್ಲದೆಯೂ ಬಿಡಲೊಲ್ಲ. ಕಿರುಬೆರಳು, ಆಮೇಲೆ ಅದರ ಪಕ್ಕದ್ದು, ಒಂದೊಂದಾಗಿ ಎತ್ತಿ ಎತ್ತಿ ಮಹಾಂತಪ್ಪ ಲಿಂಗ ತೆಗೆದುಕೊಂಡ. ಆಂಬುಲೆನ್ಸ್ ಬರುವಷ್ಟರಲ್ಲಿ ಆ ಜೀವ ಹೋಗಿತ್ತು.

ಪೊಲೀಸರು ರಿವಾಲ್ವರನ್ನು ಒಂದು ಕಾಗದದ ಚೀಲಕ್ಕೆ ಹಾಕಿದರು, ಕರಡಿಗೆಯನ್ನು ಇನ್ನೊಂದಕ್ಕೆ. ನೀನೇನಾದರೂ ಹೇಳಿದೆಯಾ ಎಂದು ಸಾವಿತ್ರವ್ವನನ್ನು ಕೇಳಿದರು. "ಹೆದರಿ ಚೀರಿದೆ," ಎಂದಳು. ಚೀರಿದ್ದು ಕನ್ನಡದಲ್ಲಿ. ಅಲ್ಲಿ ಯಾರಿಗೆ ತಿಳಿಯಬೇಕು? ಆ ಮಾತನ್ನು ಮಹಾಂತಪ್ಪನೂ ಯಾರಿಗೂ ಹೇಳಲಿಲ್ಲ, ವಕೀಲನಿಗೂ ಕೂಡ.

ಏಳು ತಿಂಗಳಾದ ಮೇಲೆ ಕೇಸು ಹಾಕುವುದಿಲ್ಲವೆಂದು ಕಾಗದ ಬಂತು, ಪರ್ಮಿಟ್ ರದ್ದಾಯಿತು. ಬಂಗಾರವನ್ನು ಗುಂಡು ಹಾರಿದ ವಾರವೇ ಮನೆಮನೆಗೆ ಮುಟ್ಟಿಸಿಯಾಗಿತ್ತು. ಕೆಲವರು ಗಂಡಸೆಂದರೆ ಹೀಗಿರಬೇಕು ಎಂದರು. ತೆಗೆದುಕೊಳ್ಳುವಾಗ ಅವನ ಕೈ ತಾಗದ ಹಾಗೆ ತೆಗೆದುಕೊಂಡವರೂ ಇದ್ದರು. ಯೋಗೀಶ ಫೋನ್ ಮಾಡಿ, "ಅಂಕಲ್, ಸ್ವಲ್ಪ ಸಮಯ ಬೇಡ ಮಾರಾಯ್ರೆ," ಎಂದ. ಆ ಸ್ವಲ್ಪ ಸಮಯ ಮುಗಿಯಲೇ ಇಲ್ಲ.

ಆ ಏಳು ತಿಂಗಳೂ ಮಹಾಂತಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿ, ಖಾಲಿ ಎಡಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು ಕಣ್ಣುಮುಚ್ಚಿ ಕೂರುತ್ತಿದ್ದ. ಆಮೇಲೇ ನೀರು. ಊರಿನಿಂದ ಬೇರೆ ಲಿಂಗ ತರಿಸೋಣ ಎಂದರೆ, "ನಂದು ಬರತೈತಿ ತಡಿ," ಎನ್ನುತ್ತಿದ್ದ.

ಬಂತು. ಪೊಲೀಸರ ಚೀಲ ಹರಿದು ಸಾವಿತ್ರವ್ವ ಕರಡಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದಳು, ಸಂದಿಯಲ್ಲಿ ಕಪ್ಪಗೆ ಒಣಗಿದ್ದನ್ನು ಕಡ್ಡಿಯಿಂದ ಕೆರೆದಳು. ಲಿಂಗ ತೊಳೆದು, ತಾನೇ ಹೊಸೆದ ಹೊಸ ಶಿವದಾರ ಪಕ್ಕದಲ್ಲಿಟ್ಟು, ಅವನ ಅಂಗೈಯಲ್ಲಿ ಲಿಂಗ ಇಟ್ಟಳು. ಮಹಾಂತಪ್ಪ ಬೆರಳು ಮಡಚಿ ಹಿಡಿದು ನೋಡಿದ.

"ಸಾವಿತ್ರಿ, ಇದು ಬೆಚ್ಚಗೈತಿ."

"ಬಿಸಿನೀರಿಲೆ ತೊಳದೀನ್ರಿ, ಅದಕ್ಕ."

"ಅಲ್ಲ. ಅವತ್ತ ಅವನ ಕೈಯಾಗಿಂದ ತಗೊಂಡಾಗ ಹಿಂಗಾ ಬೆಚ್ಚಗಿತ್ತು." ಲಿಂಗವನ್ನು ಹೆಂಡತಿಯ ಕೈಗೆ ಕೊಟ್ಟ. "ತಗದಿಡು. ನನಗ ಕಟ್ಟಬ್ಯಾಡ. ಸತ್ತ ಮ್ಯಾಲೂ ಕಟ್ಟಬ್ಯಾಡ. ಊಟಕ್ಕ ಹಾಕು."

ಪೂಜೆಯಿಲ್ಲದೆ ಅವನು ಉಂಡದ್ದು ಅಂದೇ ಮೊದಲು. ಸಾವಿತ್ರವ್ವ ಲಿಂಗವನ್ನೂ ದಾರವನ್ನೂ ದೇವರ ಗೂಡಿನಲ್ಲಿಟ್ಟು ಬಡಿಸಿದಳು. ಕೂಗಿದಾಕೆ ನಾನು, ಪಾಪ ನನ್ನದು ಎಂದು ಎಷ್ಟೋ ಸಲ ಹೇಳಹೋದಳು. ಅವನು ಪ್ರತಿ ಸಲವೂ ಕೈ ಅಡ್ಡ ಹಿಡಿದು ಬೇಡ ಎನ್ನುತ್ತಿದ್ದ.

ರಿವಾಲ್ವರನ್ನು ಅವನು ಪೊಲೀಸರಿಂದ ಬಿಡಿಸಿಕೊಳ್ಳಲೇ ಇಲ್ಲ. ಆದರೂ ಮುಂದಿನ ಮೂರು ವರ್ಷ, ಹಿಂದೆ ಯಾರಾದರೂ ಜೋರಾಗಿ ಕಾರಿನ ಬಾಗಿಲು ಹಾಕಿದರೆ ಸಾಕು, ಅವನ ಬಲಗೈ ಎದೆಗೆ ಹೋಗುತ್ತಿತ್ತು. ಅಲ್ಲಿ ಏನೂ ಸಿಗದೆ ಕೆಳಗಿಳಿದು ಕಿಸೆ ತಡಕುತ್ತಿತ್ತು.

ತೊಂಬತ್ತೆಂಟರ ನವೆಂಬರಿನಲ್ಲಿ ಗರಾಜಿನಲ್ಲಿ ಯಾರದೋ ಹೊಲಿಗೆ ಮಷೀನು ರಿಪೇರಿ ಮಾಡುತ್ತಿದ್ದಾಗ ಹೃದಯ ನಿಂತಿತು. ಮಣ್ಣು ಮಾಡಲಿಕ್ಕೆ ಬಟ್ಟೆ ಕೊಡಿ ಎಂದರು. ಸಾವಿತ್ರವ್ವನ ಕೈಗೆ ಮೊದಲು ಬಂದದ್ದು ಆ ಬೂದು ಪ್ಯಾಂಟು. ಬಲಗಿಸೆಯಲ್ಲಿ ಕೈಯಿಟ್ಟು ನೋಡಿದಳು. ಎರಡೆರಡು ಹೊಲಿಗೆ ಒಂದೂ ಸಡಿಲಾಗಿರಲಿಲ್ಲ. ಅದನ್ನು ಆಚೆ ಒಗೆದು ಧೋತರ ತೆಗೆದಳು. ಧೋತರಕ್ಕೆ ಕಿಸೆ ಇರುವುದಿಲ್ಲ.

ಹೆಣವಿಟ್ಟ ಕೋಣೆಯಲ್ಲಿ ಆಕೆ ಸೆರಗಿನ ಗಂಟು ಬಿಚ್ಚಿ ಲಿಂಗ ತೆಗೆದಾಗ ಮಗಳು ವೈಷ್ಣವಿ ಕೈ ಹಿಡಿದಳು. "ಅಮ್ಮಾ, ಹೀ ಸೆಡ್ ನೋ."

"ಅವರು ಅಂದದ್ದು ನನಗೂ ಗೊತ್ತೈತಿ. ಜೀವ ಹೋದ್ರೂ ಇದು ಹೋಗಬಾರದು ಅಂತ ನಿಮ್ಮ ಆಯಿ ಅಂದದ್ದೂ ಗೊತ್ತೈತಿ. ಅವತ್ತ ಲಿಂಗಾ ಲಿಂಗಾ ಅಂತ ಕೂಗಿ ಹೊಡಸಿದಾಕಿ ನಾನವಾ. ಅವರಲ್ಲ. ಕೈ ಬಿಡು."

ವೈಷ್ಣವಿಗೆ ಅದು ಅಂದೇ ಗೊತ್ತಾದದ್ದು. ಅವಳು ಕೈ ಬಿಟ್ಟಳು.

ಸಾವಿತ್ರವ್ವ ಗಂಡನ ಎಡ ಅಂಗೈಯಲ್ಲಿ ಲಿಂಗ ಇಟ್ಟಳು. ಈಗ ಎರಡೂ ತಣ್ಣಗಿದ್ದವು. ಬೆರಳು ಮಡಚಿದರೆ ನಿಲ್ಲಲೊಲ್ಲವು, ಮತ್ತೆ ಬಿಚ್ಚಿಕೊಳ್ಳುತ್ತಿದ್ದವು. ಕಿರುಬೆರಳಿನಿಂದ ಶುರುಮಾಡಿ, ಒಂದೊಂದನ್ನೇ ಮಡಚಿ, ಜಜ್ಜಿದ ಹೆಬ್ಬೆರಳನ್ನು ಮೇಲೆ ತಂದು, ಮೂರು ವರ್ಷ ಕಟ್ಟದೆ ಉಳಿದಿದ್ದ ಶಿವದಾರವನ್ನು ಮುಷ್ಟಿಗೆ ಬಿಗಿಯಾಗಿ ಸುತ್ತಿದಳು.

"ಹಿಡ್ಕೋರಿ. ಇನ್ನ ಯಾರೂ ಕಸಗೊಳ್ಳೂದಿಲ್ಲ," ಎಂದು ಗದರಿ, ಗಂಟು ಹಾಕಿ, ದಾರದ ತುದಿಯನ್ನು ಹಲ್ಲಿನಿಂದ ಕಡಿದಳು.